ಚೂಕ್ ಲಗೂನ್‌ಗೆ ಮುಂದಿನ ಫೆಬ್ರವರಿಗೆ ಹೊರಟಿದ್ದೀವಿ, ಮುಳುಗಿದ ಹಡಗು ನೋಡಿದವರು ಯಾರಾದ್ರೂ ಇದ್ದೀರಾ?

ಕೆರೆಕಪ್ಪೆ (ಬೆಂಗಳೂರು)

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದವನು, ಇವತ್ತು ಮೊದಲ ಸಲ ಬಾಯಿ ಬಿಡ್ತಿದ್ದೀನಿ. ಮುಂದಿನ ಫೆಬ್ರವರಿಯಲ್ಲಿ ಚೂಕ್‌ಗೆ ಹೋಗೋ ಪ್ಲಾನ್ ಇದೆ. ಹಳೇ ಹೆಸರು ಟ್ರಕ್ ಲಗೂನ್, ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಜಪಾನಿ ಹಡಗುಗಳು ಇರೋ ಜಾಗ. ಮೈಕ್ರೊನೇಷ್ಯಾ ದೇಶ, ಗುವಾಮ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ಆಗ್ನೇಯಕ್ಕೆ. ನಾವು ಮೂರು ಜನ: ನಾನು, ಕಾಲೇಜಿನ ಗೆಳೆಯ, ಸ್ಯಾನ್ ಹೋಸೆಯಲ್ಲಿರೋ ನಮ್ಮ ಭಾವ.

ನನ್ನ ಹತ್ರ ಇರೋದು 41 ಡೈವ್. ನೇತ್ರಾಣಿಯಲ್ಲಿ ಹದಿನೇಳು, ಮಿಕ್ಕಿದ್ದು ಹ್ಯಾವ್‌ಲಾಕ್. ಅಡ್ವಾನ್ಸ್‌ಡ್ ಕೋರ್ಸ್ ಆಗಿದೆ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿಯಲ್ಲಿ ಡೈವ್ ಮಾಡೋದು) ಆಗಿಲ್ಲ. ಮುಳುಗಿದ ಹಡಗು ಅಂತ ನೋಡಿರೋದು ಒಂದೇ ಒಂದು, ಅದೂ ಹೊರಗಿಂದ. ರಜೆ ಒಟ್ಟು ಹನ್ನೊಂದು ದಿನ ಸಿಗತ್ತೆ, ಓಡಾಟ ಎಲ್ಲಾ ಸೇರಿ.

ಸ್ಯಾನ್ ಫ್ರಾನ್ಸಿಸ್ಕೊ ಮಾರು ಹಡಗಿನ ಡೆಕ್ ಮೇಲೆ ಇರೋ ಟ್ಯಾಂಕುಗಳ ಫೋಟೊ ನೋಡಿದಾಗಿಂದ ತಲೆಯಲ್ಲಿ ಅದೇ ಓಡ್ತಿದೆ (ಟ್ಯಾಂಕು ಅಂದ್ರೆ ನಮ್ಮ ಗಾಳಿ ಸಿಲಿಂಡರ್ ಅಲ್ಲ, ಯುದ್ಧದ ಟ್ಯಾಂಕು). ಅದನ್ನ ನೋಡಲೇಬೇಕು. ದಾರಿ ಯಾವುದು? ವೀಸಾ ಬೇಕಾ? ಹಡಗಲ್ಲೇ ಉಳಿಯೋದಾ, ದ್ವೀಪದ ಹೋಟೆಲ್ಲಾ? ಬೈಯೋದಿದ್ರೂ ಬೈರಿ, ಆದ್ರೆ ವಿಷಯ ಹೇಳಿ ಬೈರಿ.

ಸುಮ್ನೆಬಂದೆ (ಹಾಸನ)

ಅಷ್ಟು ದುಡ್ಡು ಕೊಟ್ಟು ತುಕ್ಕು ಹಿಡಿದ ಕಬ್ಬಿಣ ನೋಡೋಕೆ ಹೋಗ್ತೀರಾ ಗುರು? ನಮ್ಮೂರ ಗುಜರಿ ಅಂಗಡಿಗೆ ಬನ್ನಿ, ಟೀ ಕೂಡ ಕೊಡಿಸ್ತೀನಿ.

ಬೊಂಡಾಸ್ (ಸಿಂಗಾಪುರ, ಊರು ಉಳ್ಳಾಲ)

ಹೋಗಿ ಬಂದಿದ್ದೇನೆ, ಎರಡು ಸಲ. ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಮೊದಲು ದಾರಿ. ಚೂಕ್‌ಗೆ ಮಾಮೂಲಿ ದಾರಿ ಅಂದ್ರೆ ಯುನೈಟೆಡ್‌ನ ವಿಮಾನ. ಗುವಾಮ್‌ನಿಂದ ನೇರ ಎರಡು ಗಂಟೆಯ ಒಳಗೆ. ಇಲ್ಲದಿದ್ರೆ ಹೊನೊಲುಲುವಿನಿಂದ ಹೊರಡುವ ಐಲ್ಯಾಂಡ್ ಹಾಪರ್: ಮಜುರೊ, ಕ್ವಾಜಲೀನ್, ಕೊಸ್ರೆ, ಪೊನ್‌ಪೆ, ಆಮೇಲೆ ಚೂಕ್, ಕೊನೆಗೆ ಗುವಾಮ್. ನಮ್ಮ ಧರ್ಮಸ್ಥಳದ ಬಸ್ಸಿನ ಹಾಗೆ ಪ್ರತಿ ಸ್ಟಾಪಿನಲ್ಲಿ ನಿಲ್ತದೆ. ಕ್ವಾಜಲೀನ್ ಅಮೆರಿಕದ ಸೇನಾ ನೆಲೆ, ಅಲ್ಲಿ ಅನುಮತಿ ಇಲ್ಲದವರು ಸೀಟು ಬಿಟ್ಟು ಇಳೀಲಿಕ್ಕಿಲ್ಲ. ಬೆಂಗಳೂರಿನಿಂದ ಬರುವವರಿಗೆ ಟೋಕಿಯೊ ಅಥವಾ ಮನಿಲಾ ಮೇಲೆ ಗುವಾಮ್ ಹತ್ತಿರ.

ಇನ್ನು ವೀಸಾ. ಮೈಕ್ರೊನೇಷ್ಯಾಕ್ಕೆ ಮೂವತ್ತು ದಿನದೊಳಗಿನ ಭೇಟಿಗೆ ವೀಸಾವೇ ಬೇಡ. ಇದನ್ನು ಓದಿ ಎಲ್ಲರೂ ಖುಷಿಯಾಗಿ ಟಿಕೆಟ್ ಮಾಡ್ತಾರೆ, ಆಮೇಲೆ ತಲೆ ಮೇಲೆ ಕೈ. ಗುವಾಮ್ ಅಮೆರಿಕದ ನೆಲ ಮಾರಾಯ್ರೆ. ಅಲ್ಲಿ ವಿಮಾನ ಬದಲಿಸ್ಲಿಕ್ಕೂ ಅಮೆರಿಕದ ವೀಸಾ ಬೇಕು. ಗುವಾಮ್‌ಗೆ ಅಂತ ಬೇರೆ ಒಂದು ವೀಸಾ ವಿನಾಯಿತಿ ಪಟ್ಟಿ ಉಂಟು, ಅದ್ರಲ್ಲಿ ಭಾರತ ಇಲ್ಲ. ಚೆನ್ನೈ, ಹೈದರಾಬಾದ್ ಎಲ್ಲಿ ಸಂದರ್ಶನದ ದಿನ ಸಿಗ್ತದೋ ಅದನ್ನು ಮೊದಲು ಹಿಡೀರಿ. ಡೈವ್ ಬುಕಿಂಗ್ ಆಮೇಲೆ.

ಹನ್ನೊಂದು ದಿನದಲ್ಲಿ ಹೋಗಿ ಬರುವುದಕ್ಕೇ ನಾಲ್ಕು ದಿನ ತೆಗೆದಿಡಿ. ಕೊನೆಯ ಡೈವ್ ಆಗಿ ಕಡಿಮೆ ಅಂದ್ರೆ 18 ಗಂಟೆ ವಿಮಾನ ಹತ್ಲಿಕ್ಕಿಲ್ಲ, ನಾನು ಪೂರ್ತಿ 24 ಇಡ್ತೇನೆ. ಆರು ದಿನ ನೀರು ಸಿಕ್ಕಿದ್ರೆ ದೊಡ್ಡದು.

ಹಡಗಾ ಹೋಟೆಲ್ಲಾ ಅಂದ್ರೆ, ನಿಮಗೆ ಹೋಟೆಲ್. ವೆನೊ ದ್ವೀಪದಲ್ಲಿ ಉಳ್ಕೊಂಡು ದಿನಾ ಚಿಕ್ಕ ಬೋಟಿನಲ್ಲಿ ಹೋಗಿ ಎರಡು ಡೈವ್ ಮಾಡಿ ಬರ್ಬಹುದು. ಲೈವ್‌ಅಬೋರ್ಡ್‌ನಲ್ಲಿ (ಅಂದ್ರೆ ಹಡಗಲ್ಲೇ ಉಳಿಯುವುದು) ದಿನಕ್ಕೆ ನಾಲ್ಕು ಐದು ಡೈವ್ ಇಡ್ತಾರೆ. 41 ಡೈವ್ ಆದವ ಒಂದೇ ವಾರದಲ್ಲಿ 24 ಆಳದ ಡೈವ್ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸಿಲಿಕಾನ್ ಸಿದ್ದ (ಫ್ರೀಮಾಂಟ್)

@ಕೆರೆಕಪ್ಪೆ, ನಿಮ್ಮ ಭಾವ ಎಚ್‌-1ಬಿ ಮೇಲಿದ್ದರೆ ಒಂದು ಮಾತು. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದೆಯಾ ನೋಡೋಕೆ ಹೇಳಿ. ಇಲ್ಲಿ ನಮ್ಮಲ್ಲಿ ಬಹಳ ಜನರ ಹತ್ತಿರ ಐ-797 ಕಾಗದ (ಕೆಲಸಕ್ಕೆ ಸಿಕ್ಕ ಒಪ್ಪಿಗೆ ಪತ್ರ) ಇರುತ್ತೆ, ಸ್ಟಾಂಪ್ ಹಳೆಯದಾಗಿರುತ್ತೆ. ಕೆನಡಾ, ಮೆಕ್ಸಿಕೊಗೆ ಹೋಗಿ ಮೂವತ್ತು ದಿನದೊಳಗೆ ಅದರಲ್ಲೇ ವಾಪಸ್ ಬರಬಹುದು ಅಂತ ಒಂದು ನಿಯಮ ಇದೆ. ಅದನ್ನ ನಂಬಿಕೊಂಡು ಮೈಕ್ರೊನೇಷ್ಯಾಕ್ಕೆ ಹೋದರೆ ಕೆಟ್ಟರು. ಆ ನಿಯಮ ಅಲ್ಲಿಗೆ ಅನ್ವಯ ಆಗಲ್ಲ. ಡಾಲರ್ ನಡೆಯುತ್ತೆ, ಪ್ಲಗ್ ಕೂಡ ಅಮೆರಿಕದ್ದೇ, ಅಂತ ಅದು ಅಮೆರಿಕ ಅಲ್ಲ. ಬೇರೆ ದೇಶ. ವಾಪಸ್ ಗುವಾಮ್‌ನಲ್ಲಿ ಇಳಿದಾಗ ಇಮಿಗ್ರೇಶನ್ ಸಾಲಲ್ಲಿ ನಿಲ್ಲಲೇಬೇಕು.

ನಾನು ಹೀಗೇ ಒಂದು ಟಿಕೆಟ್ ಕ್ಯಾನ್ಸಲ್ ಮಾಡಿದವನು. ನನ್ನ ದುಡ್ಡು ಹೋಯ್ತು, ನನ್ನದೇ ತಪ್ಪು.

ಕೆರೆಕಪ್ಪೆ

ಅಯ್ಯೋ ದೇವರೇ. ಭಾವಂಗೆ ಈಗಲೇ ಫೋನ್ ಮಾಡಿದೆ. ಸ್ಟಾಂಪ್ ಮುಗಿದು ಎಂಟು ತಿಂಗಳಾಗಿದೆಯಂತೆ. "ಗುವಾಮ್ ನಮ್ಮದೇ ಅಲ್ವಾ" ಅಂತಾನೆ.

ಫೇಡಾಪ್ರಿಯ (ಧಾರವಾಡ)

ನಂಗ ಈಜಾಕ ಬರಂಗಿಲ್ರಿ, ಸಾಧನಕೇರಿ ನೀರು ಕಂಡ್ರೂ ದೂರ ನಿಲ್ಲಾಂವ. ಆದ್ರ ಎರಡನೇ ಮಹಾಯುದ್ಧದ ಹುಚ್ಚು ಭಾಳ. ಅದಕ್ಕ ಎರಡು ಮಾತು ಬರೀತೀನಿ, ಯಾಕಂದ್ರ ಏನು ನೋಡಾಕ ಹೊಂಟೀವಿ ಅಂತ ತಿಳಕೊಂಡ್ರ ಎಲ್ಲಿ ಹೋಗಬೇಕಂತೂ ತಿಳೀತದ.

ಟ್ರಕ್ ಅಂದ್ರ ಜಪಾನಿನ ನೌಕಾಪಡೆಯ ಪೆಸಿಫಿಕ್ ಮನಿ ಇದ್ದಂಗ. ಮೊದಲನೇ ಯುದ್ಧ ಮುಗಿದ ಮ್ಯಾಲೆ ಲೀಗ್ ಆಫ್ ನೇಷನ್ಸ್ ಆ ದ್ವೀಪಗಳನ್ನ ಜಪಾನಿಗೆ ಒಪ್ಪಿಸಿತ್ತು. ಸುತ್ತ ಹವಳದ ಗೋಡೆ, ನಡುವ ಗುಡ್ಡದ ದ್ವೀಪ, ದೊಡ್ಡ ದೊಡ್ಡ ಹಡಗು ನಿಲ್ಲಾಕ ಹೇಳಿ ಮಾಡಿಸಿದ ಜಾಗ. ಜಪಾನಿನವರು ಆ ದ್ವೀಪಗಳಿಗೆ ಋತುಗಳ ಹೆಸರು ಇಟ್ಟಿದ್ರು ನೋಡ್ರಿ: ವೆನೊಕ್ಕ ಹರು, ಅಂದ್ರ ವಸಂತ. ತೊನೊವಾಸ್‌ಗೆ ನತ್ಸು, ಬ್ಯಾಸಿಗಿ. ಫೆಫನ್‌ಗೆ ಅಕಿ, ಶರತ್ತು. ಉಮನ್‌ಗೆ ಫುಯು, ಚಳಿಗಾಲ. ವರ್ಷಾನುಗಟ್ಲೆ ಒಂದೇ ಸೆಕಿ ಇರೋ ಊರಿಗೆ ನಾಕು ಋತು! ಊರ ನೆನಪಾಗಿರಬೇಕು ಪಾಪ.

1944ರ ಫೆಬ್ರವರಿ 17, 18. ಅಮೆರಿಕದ ಒಂಬತ್ತು ವಿಮಾನವಾಹಕ ಹಡಗುಗಳಿಂದ ವಿಮಾನ ಅಲೆ ಅಲೆಯಾಗಿ ಬಂದು ಬಿದ್ದುವು. ಆಪರೇಷನ್ ಹೇಲ್‌ಸ್ಟೋನ್, ಅಂದ್ರ ನಮ್ಮ ಆಣಿಕಲ್ಲು. ಫೆಬ್ರವರಿ 4ಕ್ಕ ಅಮೆರಿಕದ ಗೂಢಚರ ವಿಮಾನ ಮ್ಯಾಲೆ ಹಾರಿದ್ದು ಕಂಡು ಜಪಾನಿನವರು ದೊಡ್ಡ ಯುದ್ಧನೌಕೆಗಳನ್ನ ಮೊದಲೇ ಅಲ್ಲಿಂದ ಸರಿಸಿಬಿಟ್ಟಿದ್ರು. ಸಿಕ್ಕಿಬಿದ್ದದ್ದು ಸರಕಿನ ಹಡಗು, ಎಣ್ಣಿ ಹಡಗು, ಪ್ರಯಾಣಿಕರ ಹಡಗನ್ನ ಸೇನೆಗೆ ತಿರುಗಿಸಿದಂಥವು. ಎರಡು ದಿನದಾಗ ನಲವತ್ತಕ್ಕಿಂತ ಹೆಚ್ಚು ಹಡಗು ತಳ ಕಂಡುವು. ಅದಕ್ಕ ನೀವು ಅಲ್ಲಿ ನೋಡೂದು ತೋಪುಗಳಿಗಿಂತ ಹೆಚ್ಚು ಮಂದಿಯ ಸಂಸಾರ: ತಾಟು, ಬಾಟಲಿ, ಬೂಟು, ಲಾರಿ.

ಸುಮ್ನೆಬಂದೆ

ಸರಿ, ಗುಜರಿ ಮಾತು ವಾಪಸ್ ತಗೊಂಡೆ. ಮುಂದುವರಿಸಿ.

ಅಘನಾಶಿನಿ (ಮುರುಡೇಶ್ವರ)

ನಾನು ಡೈವಿಂಗ್ ಕಲಿಸುವವಳು. ಹಾಗಾಗಿ ಸಿಹಿ ಮಾತು ನನ್ನಿಂದ ನಿರೀಕ್ಷಿಸಬೇಡಿ.

ಕೆರೆಕಪ್ಪೆ, ನೀವು ನೋಡಬೇಕೆಂದಿರುವ ಟ್ಯಾಂಕುಗಳು ಸುಮಾರು 50 ಮೀಟರ್ ಆಳದಲ್ಲಿವೆ. ಹಡಗಿನ ತಳ 60 ದಾಟುತ್ತದೆ. ನಿಮ್ಮ ಅಡ್ವಾನ್ಸ್‌ಡ್ ಕಾರ್ಡು 30 ಮೀಟರಿಗೆ. ಹವ್ಯಾಸಿ ಡೈವಿಂಗಿನ ಕೊನೆಯ ಗೆರೆಯೇ 40. ನೈಟ್ರಾಕ್ಸ್ ಮಾಡಿಕೊಂಡರೆ ಆಯಿತು ಎಂದುಕೊಂಡಿದ್ದರೆ ಅದು ಇನ್ನೂ ಅಪಾಯ. 32 ಪ್ರತಿಶತದ ನೈಟ್ರಾಕ್ಸ್ ಇರುವುದು ಸುಮಾರು 33 ಮೀಟರಿನವರೆಗೆ. 50ಕ್ಕೆ ಅದನ್ನು ಉಸಿರಾಡಿದರೆ ಆಮ್ಲಜನಕದ ಒತ್ತಡ 1.9 ಮೀರುತ್ತದೆ. ನೀರೊಳಗೇ ಸೆಳವು ಬಂದು ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರಾಡುವ ಸಾಧನ) ಜಾರಿದರೆ ಕಥೆ ಮುಗಿಯಿತು. ಬರೀ ಗಾಳಿಯಲ್ಲಿ ಹೋದರೆ ನೈಟ್ರೋಜನ್ ಅಮಲು. ನೇತ್ರಾಣಿಯಲ್ಲಿ ಇಪ್ಪತ್ತು ಮೀಟರಿನಲ್ಲಿ ಗಾಳಿಯ ಗೇಜ್ ನೋಡುವುದನ್ನು ಮರೆತು ಆಮೆಯ ಹಿಂದೆ ಹೋಗುವವರನ್ನು ವಾರ ವಾರ ನೋಡುತ್ತೇನೆ. 50ರಲ್ಲಿ ಅದೇ ಮನುಷ್ಯ ಏನು ಮಾಡಬಹುದು?

ಇನ್ನು ಹಡಗಿನ ಒಳಗೆ ಹೋಗುವ ವಿಷಯ. ಲೆಕ್ಕ ಹಾಕೋಣ. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್ 11 ಲೀಟರಿನದು, 200 ಬಾರ್ ತುಂಬಿದರೆ ಸುಮಾರು 2,200 ಲೀಟರ್. ನೀವು ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೀರಿ ಎಂದಿಟ್ಟುಕೊಳ್ಳಿ. 30 ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು, ಅಂದರೆ ನಿಮಿಷಕ್ಕೆ 80 ಲೀಟರ್. ಒಳಗೆ ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು. ಆ ಒಂದು ಪಾಲಿನಲ್ಲಿ ನಿಮಗೆ ಸಿಗುವುದು ಒಂಬತ್ತು ನಿಮಿಷ, ಅದೂ ಕೆಳಗಿಳಿಯಲು ಖರ್ಚಾದದ್ದನ್ನು ಕಳೆಯದೆ. ಹೆದರಿ ಉಸಿರು ಜೋರಾದರೆ ಆರೂ ಇಲ್ಲ.

ಬೇಡ ಎನ್ನುತ್ತಿಲ್ಲ. ಈಗಲೇ ಬೇಡ ಎನ್ನುತ್ತಿದ್ದೇನೆ.

ಕೆರೆಕಪ್ಪೆ

ಅಕ್ಕ, ಬೈದಿದ್ದು ನಾಟಿತು. ಆದ್ರೆ ಒಂದು ಅನುಮಾನ. ಅಲ್ಲಿ ಗೈಡ್‌ಗಳು ಇರ್ತಾರಲ್ಲ, ದಿನಾ ಹೋಗಿ ಬರೋರು. ಅವರ ಹಿಂದೆನೇ ಹೋದ್ರೆ?

ಅಘನಾಶಿನಿ

ಗೈಡು ದಾರಿ ತೋರಿಸುತ್ತಾನೆ, ನಿಮ್ಮ ಬದಲು ಉಸಿರಾಡುವುದಿಲ್ಲ.

ಬೊಂಡಾಸ್

ಅಕ್ಕ ಹೇಳಿದ್ದಕ್ಕೆ ನಾನೂ ಕೈ ಎತ್ತುತ್ತೇನೆ. ಆದ್ರೆ ಒಂದು ವಿಷಯದಲ್ಲಿ ನನ್ನ ತಕರಾರು ಉಂಟು. ಚೂಕ್ ಅಂದ್ರೆ ಬರೀ ಆಳ ಅಂತ ಹೆದರಿಸ್ಬೇಡಿ. ಅಲ್ಲಿ ಬೇರೆ ಬೇರೆ ಆಳದಲ್ಲಿ ಹಡಗು ಉಂಟು. ಆ ಟ್ಯಾಂಕು ಬಿಟ್ರೆ ಕೆರೆಕಪ್ಪೆಗೆ ಆರು ದಿನ ಸಾಕಾಗುವುದಿಲ್ಲ.

ಫುಜಿಕಾವಾ ಮಾರು ತಗೊಳ್ಳಿ. 132 ಮೀಟರ್ ಉದ್ದದ ಸರಕಿನ ಹಡಗು, ನೆಟ್ಟಗೆ ಕೂತಿದೆ, ಯಾರೋ ನಿಲ್ಲಿಸಿ ಹೋದ ಹಾಗೆ. ತಳ 34 ಮೀಟರ್, ಡೆಕ್ ಹದಿನೆಂಟರ ಆಸುಪಾಸು. ಮುಂದಿನ ಗೋದಾಮಿನಲ್ಲಿ ಝೀರೊ ಯುದ್ಧವಿಮಾನಗಳ ಒಡಲು ಒಂದರ ಮೇಲೆ ಒಂದು. ಆ ಗೋದಾಮಿಗೆ ಮೇಲೆ ದೊಡ್ಡ ಬಾಯಿ ಉಂಟು, ತಲೆ ಎತ್ತಿದ್ರೆ ನೀಲಿ ಬೆಳಕು ಕಾಣ್ತದೆ, ಸಿಕ್ಕಿಹಾಕಿಕೊಳ್ಳುವ ಜಾಗ ಅಲ್ಲ. ನಾನು ಕಾಕ್‌ಪಿಟ್ ಹತ್ರ ತೇಲಿಕೊಂಡು ಹೋಗಿ ಒಳಗೆ ಟಾರ್ಚ್ ಬಿಟ್ಟೆ. ಪೈಲಟ್ ಕೂರುವ ಜಾಗ ಎಷ್ಟು ಚಿಕ್ಕದು ಅಂದ್ರೆ ನನ್ನ ಭುಜ ಹೋಗ್ಲಿಕ್ಕಿಲ್ಲ. ಅಷ್ಟರಲ್ಲಿ ಮೇಲಿಂದ ಕಂದು ಬಣ್ಣದ ಚೂರುಗಳು ಉದುರ್ಲಿಕ್ಕೆ ಶುರು. ಏನಂತ ನೋಡಿದ್ರೆ ನಾನು ಬಿಟ್ಟ ಉಸಿರಿನ ಗುಳ್ಳೆಗಳು ಮೇಲಿನ ತಗಡಿಗೆ ತಾಗಿ ತುಕ್ಕು ಕಳಚಿ ಬೀಳ್ತಾ ಇತ್ತು. ಬರೀ ಉಸಿರಾಡಿದ್ದಕ್ಕೇ ಹಡಗು ಸ್ವಲ್ಪ ಸವೆಯಿತು ನೋಡಿ. ಆ ದಿನದಿಂದ ನಾನು ಮುಚ್ಚಿದ ಕೋಣೆಗಳಿಗೆ ಹೋಗುವುದು ಬಿಟ್ಟಿದ್ದೇನೆ.

ಶಿನ್ಕೊಕು ಮಾರು ಇನ್ನೊಂದು. ಎಣ್ಣೆ ಹಡಗು. ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡ್ಲಿಕ್ಕೆ ಹೋದ ಪಡೆಗೆ ಇಂಧನ ಕೊಟ್ಟ ಹಡಗುಗಳಲ್ಲಿ ಇದೂ ಒಂದು. ಈಗ ಮೈತುಂಬ ಹವಳ, ನಮ್ಮಲ್ಲಿ ಜಾತ್ರೆಯ ತೇರು ಕಟ್ತಾರಲ್ಲ, ಹಾಗೆ. ಮೇಲಿನ ಭಾಗ ಹನ್ನೆರಡು ಹದಿನೈದು ಮೀಟರಿನಲ್ಲೇ ಸಿಗ್ತದೆ. ಸಾಂಕಿಸಾನ್ ಮಾರುವಿನಲ್ಲಿ ಕೋವಿಯ ಗುಂಡುಗಳು ರಾಶಿ ರಾಶಿ, ಅದೂ ಹೆಚ್ಚು ಆಳ ಇಲ್ಲ.

ನನ್ನ ಒಂದು ದಡ್ಡತನ ಹೇಳ್ತೇನೆ, ನಿಮಗೆ ಉಪಯೋಗ ಆಗ್ಬಹುದು. ಮೊದಲ ಸಲ ಹೋದಾಗ ನನ್ನ ಡಿನ್ ರೆಗ್ಯುಲೇಟರ್ ತಗೊಂಡು ಹೋದೆ, ಯೋಕ್ ಅಡಾಪ್ಟರ್ ಸಿಂಗಾಪುರದ ಮನೆಯ ಮೇಜಿನ ಮೇಲೆ. ಡಿನ್, ಯೋಕ್ ಅಂದ್ರೆ ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸುವ ಎರಡು ಬೇರೆ ಬೇರೆ ರೀತಿ. ಅಲ್ಲಿ ಕೊಟ್ಟ ಸಿಲಿಂಡರ್ ಎಲ್ಲ ಯೋಕ್. ಮೊದಲ ದಿನ ಬೋಟಿನಲ್ಲಿ ಕೂತು ಬೇರೆಯವರ ಚಪ್ಪಲಿ ಕಾದದ್ದು ನಾನು. ಒ-ರಿಂಗ್, ಮಾಸ್ಕಿನ ಪಟ್ಟಿ, ಫಿನ್ನಿನ ಪಟ್ಟಿ, ಬ್ಯಾಟರಿ, ಎಲ್ಲ ಎರಡೆರಡು ತಗೊಳ್ಳಿ. ಅಲ್ಲಿ ಪೇಟೆಗೆ ಹೋಗಿ ತರ್ತೇನೆ ಅಂದ್ರೆ ಆಗುವುದಿಲ್ಲ.

ನಂಜನಗೂಡು ರಸಬಾಳೆ (ಮೈಸೂರು)

ವೃತ್ತಿಯಿಂದ ವೈದ್ಯ, ಹವ್ಯಾಸದಿಂದ ಡೈವರ್. ಇನ್ಶೂರೆನ್ಸ್ ವಿಷಯ ಯಾರೂ ಎತ್ತಲಿಲ್ಲವಲ್ಲ?

ನಮ್ಮಲ್ಲಿ ಟಿಕೆಟ್ ಜೊತೆ ಒಂದು ಟಿಕ್ ಹಾಕಿ ತಗೊಳ್ಳುವ ಪ್ರಯಾಣ ವಿಮೆಯ ಸಣ್ಣಕ್ಷರ ಓದಿ. ಸ್ಕೂಬಾ ಸೇರಿಯೇ ಇರುವುದಿಲ್ಲ, ಸೇರಿದ್ದರೂ ಇಷ್ಟು ಮೀಟರ್ ಆಳದವರೆಗೆ ಎಂದಿರುತ್ತದೆ. ಡೈವಿಂಗ್‌ಗೆಂದೇ ಇರುವ ವಿಮೆ ಮಾಡಿಸಿ, ಅದರಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ ನೋಡಿ. ಸಾಗರದ ನಡುವಿನ ದ್ವೀಪ ಅದು. ಡಿಕಂಪ್ರೆಶನ್ ಕಾಯಿಲೆ (ಆಳದಿಂದ ಮೇಲೆ ಬಂದಾಗ ಮೈಯೊಳಗೆ ಗಾಳಿಗುಳ್ಳೆ ಏಳುವುದು) ಆದರೆ ಚಿಕಿತ್ಸೆಯ ಚೇಂಬರ್, ಅಂದರೆ ಒತ್ತಡದ ಕೋಣೆ, ಈಗ ಎಲ್ಲಿ ನಡೆಯುತ್ತಿದೆ, ಯಾರು ಸಾಗಿಸುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಈ ಮೂರನ್ನೂ ಡೈವ್ ಅಂಗಡಿಯವರಿಂದ ಬರವಣಿಗೆಯಲ್ಲೇ ಪಡೆದುಕೊಳ್ಳಿ. ಬಾಯಿಮಾತಿನ "ನೋ ಪ್ರಾಬ್ಲಂ" ನನಗೆ ಬೇಡ.

ನೀರು 28, 29 ಡಿಗ್ರಿ ಎಂದು ಹಗುರ ಮಾಡಬೇಡಿ. ದಿನವೂ ಬಿಸಿಲು, ಉಪ್ಪುನೀರು, ಬೆವರು. ಸಂಜೆಯ ತಲೆನೋವಿಗೆ ಅರ್ಧ ಕಾರಣ ನೀರು ಕುಡಿಯದ್ದು. ಆರು ದಿನದ ನಡುವೆ ಒಂದು ದಿನ ಒಣಗಿರಿ. ಕಿವಿ ಕಟ್ಟಿದ ದಿನ ಇಳಿಯಬೇಡಿ, ದುಡ್ಡು ಕೊಟ್ಟಾಗಿದೆ ಎಂಬ ಕಾರಣಕ್ಕಂತೂ ಬೇಡವೇ ಬೇಡ.

ಆದರೂ ನೈಟ್ರಾಕ್ಸ್ ಕೋರ್ಸ್ ಮಾಡಿಕೊಳ್ಳಿ ಎಂದೇ ನನ್ನ ಸಲಹೆ. 30 ಮೀಟರಿನಲ್ಲಿ ಗಾಳಿಯಲ್ಲಿ ಡೈವ್ ಟೇಬಲ್ (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಪಟ್ಟಿ) ಕೊಡುವುದು 20 ನಿಮಿಷ, 32ರ ನೈಟ್ರಾಕ್ಸ್‌ನಲ್ಲಿ 30. ಫುಜಿಕಾವಾದಂಥ ಹಡಗಿಗೆ ಆ ಹತ್ತು ನಿಮಿಷ ದೊಡ್ಡದು. ಆಳಕ್ಕೆ ಹೋಗಲು ಅಲ್ಲ, ಇರುವ ಆಳದಲ್ಲಿ ನೆಮ್ಮದಿಯಾಗಿ ಇರಲು.

ಪಟಾಕಿ ಪಾಂಡು (ದಾವಣಗೆರೆ)

ಚೂಕ್ ಯಾಕೆ, ಮಾರ್ಷಲ್ ದ್ವೀಪಗಳ ಬಿಕಿನಿಗೆ ಹೋಗಿ! ಸಾರಾಟೊಗಾ ಅಂತ ವಿಮಾನವಾಹಕ ಹಡಗೇ ಇದೆ, ಜಪಾನಿನ ನಗಾಟೊ ಯುದ್ಧನೌಕೆನೂ ಅಲ್ಲೇ. ಹೋಗೋದೇ ಆದ್ರೆ ದೊಡ್ಡದಕ್ಕೇ ಹೋಗ್ಬೇಕು.

ಬೊಂಡಾಸ್

ಬಿಕಿನಿ 41 ಡೈವಿನವರಿಗೆ ಅಲ್ಲ ಮಾರಾಯ್ರೆ. ಸಾರಾಟೊಗಾದ ತಳ 50 ಮೀಟರ್ ದಾಟ್ತದೆ, ಅಲ್ಲಿ ಡೈವ್ ಅಂದ್ರೇ ಡೆಕೊ ಡೈವ್, ಮೇಲೆ ಬರುವಾಗ ನಡುವೆ ನಿಂತು ನಿಂತು ಬರ್ಬೇಕು. ಹತ್ರದಲ್ಲಿ ಆಸ್ಪತ್ರೆ ಇಲ್ಲ, ಊರೂ ಇಲ್ಲ.

ಫೇಡಾಪ್ರಿಯ

ಊರು ಯಾಕಿಲ್ಲ ಅಂತ ಹೇಳೂದು ಬಿಟ್ರಿ. 1946ರಾಗ ಅಲ್ಲಿದ್ದ 167 ಮಂದಿನ್ನ ಬ್ಯಾರೆ ದ್ವೀಪಕ್ಕ ಸಾಗಿಸಿ, ಜುಲೈದಾಗ ಎರಡು ಅಣುಬಾಂಬ್ ಹಾಕಿ ನೋಡಿದ್ರು. ಸಾರಾಟೊಗಾ, ನಗಾಟೊ ಮುಳುಗಿದ್ದು ಜುಲೈ 25ರ ಎರಡನೇದಕ್ಕ, ಅದನ್ನ ನೀರಿನೊಳಗ ಸಿಡಿಸಿದ್ರು. 1958ರ ತನಕ ಒಟ್ಟು 23 ಸಿಡಿತ. ಇವತ್ತಿಗೂ ಅಲ್ಲಿ ಬೆಳೆದ ತೆಂಗಿನಕಾಯಿ ತಿನ್ನಬ್ಯಾಡ್ರಿ ಅಂತಾರ, ಮಣ್ಣಿನಾಗ ಸೀಸಿಯಂ ಅದ. ತೆಂಗಿನಗಿಡದ ಕೆಳಗ ನಿಂತು ಕಾಯಿ ತಿನ್ನಾಕ ಬರದಿದ್ರ ಏನಂತೀರಿ ಅದಕ್ಕ.

ಪಟಾಕಿ ಪಾಂಡು

ಸರಿ ಸಾರ್. ಚೂಕೇ ಇರಲಿ.

ತುಂಗೆತೀರ (ಶೃಂಗೇರಿ)

ನಡುವೆ ಬಾಯಿ ಹಾಕ್ತಿದ್ದೇನೆ, ಡೈವರ್ ಅಲ್ಲ. ಆ ಹಡಗುಗಳಲ್ಲಿ ಸತ್ತವರ ಎಲುಬು ಇನ್ನೂ ಇದೆ ಅಂತ ಓದಿದ್ದೆ. ಅಲ್ಲಿ ಹೋಗಿ ಫೋಟೊ ತೆಗೆಯುವುದು ಸರಿಯಾ? ನಮ್ಮ ಮನೆಯ ಯಾರಾದರೂ ಹಾಗೆ ಸತ್ತಿದ್ದರೆ, ವರ್ಷಾಂತಿಕ ಮಾಡುವ ಜಾಗದಲ್ಲಿ ಪ್ರವಾಸಿಗರು ತಿರುಗಾಡಿದ ಹಾಗಲ್ಲವೇ?

ಬೊಂಡಾಸ್

ಒಳ್ಳೆಯ ಪ್ರಶ್ನೆ, ಇದಕ್ಕೆ ನನ್ನ ಹತ್ರ ನೇರ ಉತ್ತರ ಇಲ್ಲ. ಜಪಾನಿನವರು ಬಂದು ಎಷ್ಟೋ ಅವಶೇಷ ತೆಗೆದು ದಹನ ಮಾಡಿದ್ದಾರೆ. ಆದ್ರೂ ಉಂಟು. ಯಾಮಾಗಿರಿ ಮಾರುವಿನ ಎಂಜಿನ್ ಕೋಣೆಯಲ್ಲಿ ಒಂದು ತಲೆಬುರುಡೆ ಉಂಟು, ಅದನ್ನು ತೋರಿಸ್ಲಿಕ್ಕೇ ಕೆಲವರು ಕರ್ಕೊಂಡು ಹೋಗ್ತಾರೆ. ನನ್ನನ್ನು ಕೇಳಿದ್ರು, ನಾನು ಬೇಡ ಅಂದೆ. ಅದೇ ಹಡಗಿನ ಗೋದಾಮಿನಲ್ಲಿ ಯಾಮಾಟೊ ತರದ ಯುದ್ಧನೌಕೆಯ ಫಿರಂಗಿಗೆ ಹಾಕುವ 46 ಸೆಂಟಿಮೀಟರ್ ಗುಂಡುಗಳು ಬಿದ್ದಿವೆ, ಒಂದೊಂದು ನಮ್ಮ ಗ್ಯಾಸ್ ಸಿಲಿಂಡರಿಗಿಂತ ದೊಡ್ಡದು. ಅದನ್ನು ನೋಡಿ ಬಂದೆ.

ಅಘನಾಶಿನಿ

ನನ್ನ ಅಭಿಪ್ರಾಯ ಬೇರೆ. ಯಾರೂ ಹೋಗದಿದ್ದರೆ ಅಲ್ಲಿ ಯಾರು ಸತ್ತರೆಂದು ಯಾರಿಗೂ ನೆನಪಿರುವುದಿಲ್ಲ. ಐಕೋಕು ಮಾರುವಿನ ಮುಂದಿನ ಗೋದಾಮಿನ ಮದ್ದುಗುಂಡು ಸಿಡಿದು ಹಡಗಿನ ಮುಂಭಾಗವೇ ಇಲ್ಲವಾಯಿತು, ನೂರಾರು ಜನ ಒಂದೇ ಕ್ಷಣದಲ್ಲಿ ಹೋದರು, ಬಾಂಬು ಹಾಕಿದ ವಿಮಾನವೂ ಆ ಸಿಡಿತಕ್ಕೇ ಸಿಕ್ಕಿ ಹೋಯಿತು. ಇದು ನಮಗೆ ಗೊತ್ತಿರುವುದು ಜನ ಹೋಗಿ ಹುಡುಕಿದ್ದರಿಂದ. ಹೋಗಿ, ನೋಡಿ. ಮುಟ್ಟಬೇಡಿ, ಜೋಡಿಸಿ ಫೋಟೊ ತೆಗೆಯಬೇಡಿ. ಬಾಟಲಿ ತಟ್ಟೆಗಳನ್ನು ಡೆಕ್ಕಿನ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆಯುವ ಚಾಳಿ ನನಗೆ ಎಲುಬಿನ ಫೋಟೊಗಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಒಂದು ಚೂರು ಮೇಲೆ ತಂದರೂ ಅಲ್ಲಿ ಕಾನೂನಿನ ಪ್ರಕಾರ ಅಪರಾಧ.

ತುಂಗೆತೀರ

ಜೋಡಿಸುವುದು ಅಂದರೆ ಏನು ಅಂತ ಈಗ ಗೊತ್ತಾಯಿತು. ಒಪ್ಪಿದೆ ಅಂತಲ್ಲ, ಆದರೆ ಯೋಚಿಸ್ತೇನೆ.

ಫೇಡಾಪ್ರಿಯ

ಆ ನೀರಿನಾಗ ಇರೋದು ಜಪಾನಿನವರ ಕಥಿ ಅಷ್ಟ ಅಲ್ರಿ. ಚೂಕಿನ ಮಂದಿದೂ ಅದ. ಅವರ ಭೂಮಿ ಕಸಗೊಂಡು ವಿಮಾನ ನಿಲ್ದಾಣ ಮಾಡಿದ್ರು, ದುಡಿಸಿಕೊಂಡ್ರು, ಮ್ಯಾಲಿಂದ ಬಾಂಬು ಬಿದ್ದಾಗ ಅವರೂ ಸತ್ರು. ಕಿಮಿಯೊ ಐಸೆಕ್ ಅಂತ ಅಲ್ಲಿಯವರು, ದಾಳಿ ಆದಾಗ ಹುಡುಗ. ಕಣ್ಣಾರೆ ಕಂಡಿದ್ದರಂತ. ಮುಂದ 1973ರಾಗ ಅವರ ಡೈವ್ ಅಂಗಡಿ ತಗದು, ಯಾವ ಹಡಗು ಎಲ್ಲಿ ಮುಳುಗ್ತು ಅಂತ ನೆನಪಿನಿಂದ ಹುಡುಕಿ ತೋರಿಸಿದ್ರು. ಯುದ್ಧದ ಮ್ಯಾಲೆ ಉಳಿದ ಮದ್ದು ತಗದು ಮೀನು ಹೊಡ್ಯಾಕೂ ಬಳಸ್ಯಾರ ಅಲ್ಲಿ ಮಂದಿ. ತಪ್ಪು ಅಂತ ನಾವು ಇಲ್ಲಿ ಕುಂತು ಹೇಳೂದು ಸಸಾರ.

ಬೊಂಡಾಸ್

ಅದಕ್ಕೇ ಊರಿನವರ ಹತ್ರ ಮಾತಾಡ್ಲಿಕ್ಕೆ ಸಮಯ ಇಟ್ಕೊಳ್ಳಿ. "ರಾನ್ ಆನಿಮ್" ಅಂದ್ರೆ ನಮಸ್ಕಾರ, "ಕಿನಿಸೊ" ಅಂದ್ರೆ ಥ್ಯಾಂಕ್ಸ್. ಬೀಚಿನಲ್ಲಿ ಇದ್ದ ಹಾಗೆ ಚಡ್ಡಿಯಲ್ಲಿ ಪೇಟೆಗೆ ಹೋಗ್ಬೇಡಿ. ಹೆಂಗಸರು ತೊಡೆ ಮುಚ್ಚುವಷ್ಟು ಉಡುವ ಊರು ಅದು. ನಗದು ಡಾಲರ್ ಇಟ್ಕೊಳ್ಳಿ, ಕಾರ್ಡ್ ಎಲ್ಲ ಕಡೆ ನಡೀಲಿಕ್ಕಿಲ್ಲ.

ಕೆರೆಕಪ್ಪೆ

ಎಲ್ಲಾ ಓದಿದೆ, ಎರಡು ಸಲ. ಮನೆಯವಳಿಗೂ ಓದಿಸಿದೆ. ಅವಳು ಅಘನಾಶಿನಿ ಅಕ್ಕನ ಲೆಕ್ಕದಲ್ಲಿ "ಒಂಬತ್ತು ನಿಮಿಷ" ಅನ್ನೋದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಈ ಫೆಬ್ರವರಿ ಬಿಟ್ವಿ. ಮುಂದಿನ ವರ್ಷಕ್ಕೆ ಹೋಯ್ತು. ನಡುವೆ ಏನು ಮಾಡಲಿ ಹೇಳಿ.

ಅಘನಾಶಿನಿ

ನೈಟ್ರಾಕ್ಸ್, ಡೀಪ್ (ಆಳದ ಡೈವ್), ರೆಕ್ (ಮುಳುಗಿದ ಹಡಗಿನ ಡೈವ್), ಈ ಮೂರು ಕೋರ್ಸು. ಅದಕ್ಕೂ ಮೊದಲು ತೇಲುವುದನ್ನು ಸರಿಯಾಗಿ ಕಲಿಯಿರಿ. ಕೆಸರೆಬ್ಬಿಸದೆ ಕಪ್ಪೆಯಂತೆ ಕಾಲು ಬಡಿಯುವುದು (ನಿಮ್ಮ ಹೆಸರಿಗೆ ಸರಿಹೋಯಿತು), ಹಿಂದಕ್ಕೆ ಸರಿಯುವುದು, ಇದ್ದಲ್ಲೇ ಅಲುಗಾಡದೆ ಐದು ನಿಮಿಷ ನಿಲ್ಲುವುದು. ಅಕ್ಟೋಬರಿನಲ್ಲಿ ಸೀಸನ್ ಶುರುವಾದ ಮೇಲೆ ಬನ್ನಿ. ಮಳೆಗಾಲದಲ್ಲಿ ಫೋನ್ ಮಾಡಬೇಡಿ, ಬೋಟು ದಡದಲ್ಲಿರುತ್ತದೆ, ನಾನು ಅಡಿಕೆ ತೋಟದಲ್ಲಿರುತ್ತೇನೆ.

ಆಮೇಲೆ ಫಿಲಿಪ್ಪೀನ್ಸಿನ ಕೊರೊನ್. 1944ರ ಸೆಪ್ಟೆಂಬರ್ 24ರಂದು ಮುಳುಗಿದ ಜಪಾನಿ ಹಡಗುಗಳು, ಹತ್ತಿರ ಹತ್ತಿರ. ಅಮೆರಿಕದ ವೀಸಾ ಕಾಯಬೇಕಿಲ್ಲ. ಶ್ರೀಲಂಕಾ ಇನ್ನೂ ಹತ್ತಿರ: ಬಟ್ಟಿಕಲೋವದ ಕಡೆ ಬ್ರಿಟಿಷ್ ಸಾರ್ಜೆಂಟ್ ಎಂಬ ಎಣ್ಣೆ ಹಡಗು ನಿಮ್ಮ ಆಳಕ್ಕೆ ಸಿಗುತ್ತದೆ. ಅಲ್ಲೇ ಇರುವ ಹರ್ಮಿಸ್ ಎಂಬ ವಿಮಾನವಾಹಕ ಹಡಗು 50 ಮೀಟರ್ ದಾಟಿದ್ದು, ಅದರ ಆಸೆ ಬೇಡ.

ಫೇಡಾಪ್ರಿಯ

ಎರಡೂ ಒಂದ ದಿನ ಮುಳುಗಿದ್ವು, 1942ರ ಏಪ್ರಿಲ್ 9. ಸುಮ್ಮ ಹೇಳಿದೆ.

ಕೆರೆಕಪ್ಪೆ (ಹತ್ತು ತಿಂಗಳ ಮೇಲೆ)

ಈ ಚರ್ಚೆ ಮತ್ತೆ ಮೇಲೆ ಎಳೀತಿದ್ದೀನಿ. ಕೊರೊನ್‌ಗೆ ಹೋಗಿ ಬಂದೆ. ಈಗ 83 ಡೈವ್.

ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಮೂರನೇ ದಿನ ಒಂದು ಗೋದಾಮಿನಿಂದ ಇನ್ನೊಂದಕ್ಕೆ ಹೋಗೋ ಕಿಂಡಿಯಲ್ಲಿ ಮುಂದೆ ಇದ್ದ ಗೈಡ್ ಸಲೀಸಾಗಿ ದಾಟಿದ. ನಾನು ದಾಟುವಾಗ ಸಿಲಿಂಡರ್ "ಟಣ್" ಅಂತ ತಗಡಿಗೆ ತಾಗ್ತು. ಗಾಬರಿಯಲ್ಲಿ ಒಂದೇ ಒಂದು ಸಲ ಕಾಲು ಜೋರಾಗಿ ಬಡಿದೆ. ಅಷ್ಟೇ. ಕೆಳಗಿಂದ ಹೂಳು ಎದ್ದು, ಕಾಫಿಗೆ ಹಾಲು ಹಾಕಿದ ಹಾಗೆ, ನನ್ನ ಕೈ ನನಗೇ ಕಾಣಲಿಲ್ಲ. ಟಾರ್ಚ್ ಹಾಕಿದ್ರೆ ಬರೀ ಕಂದು ಗೋಡೆ. ಎಡಗೈಯಲ್ಲಿ ದಾರ ಇತ್ತು, ರೆಕ್ ಕೋರ್ಸಿನಲ್ಲಿ ಕಣ್ಣು ಕಟ್ಟಿ ಮಾಡಿಸಿದ್ರಲ್ಲ, ಅದೇ ದಾರ. ಬೆರಳು ಸುತ್ತಿ ಹಿಂದಕ್ಕೆ ಬಂದೆ. ಹೊರಗೆ ಬಂದು ಡೈವ್ ಕಂಪ್ಯೂಟರ್ ನೋಡಿದ್ರೆ ಒಳಗಿದ್ದಿದ್ದು ನಾಲ್ಕು ನಿಮಿಷ. ಗಾಳಿ ಹೋಗಿದ್ದು ಒಂಬತ್ತು ನಿಮಿಷದ್ದು.

ಸ್ಯಾನ್ ಫ್ರಾನ್ಸಿಸ್ಕೊ ಮಾರು ಚೂಕ್ ಪಟ್ಟಿಯಿಂದ ತೆಗೆದೆ. ಈಗ ಪಟ್ಟಿಯಲ್ಲಿ ಇರೋದು: ಫುಜಿಕಾವಾ ಎರಡು ಸಲ, ಶಿನ್ಕೊಕು ಒಂದು ಸಲ ಹಗಲು ಒಂದು ಸಲ ರಾತ್ರಿ, ಹೇಯಾನ್ ಮಾರು, ಸಾಂಕಿಸಾನ್. ದಿನಕ್ಕೆ ಎರಡೇ, ನಡುವೆ ಒಂದು ದಿನ ರಜೆ. ವೆನೊದಲ್ಲೇ ವಾಸ. ನನಗೂ ಗೆಳೆಯನಿಗೂ ವೀಸಾ ಬಂತು. ಭಾವ ಊರಿಗೆ ಬಂದು ಸ್ಟಾಂಪ್ ಹಾಕಿಸ್ಕೊಂಡು ಹೋದ, ಅದೊಂದು ದೊಡ್ಡ ಕಥೆ. ಫೆಬ್ರವರಿ 9ಕ್ಕೆ ಹೊರಡೋದು.

ನಂಜನಗೂಡು ರಸಬಾಳೆ

ಚೇಂಬರ್ ವಿಷಯ ಬರೆಸಿಕೊಂಡಿರಾ?

ಕೆರೆಕಪ್ಪೆ

ಬರೆಸಿಕೊಂಡೆ ಡಾಕ್ಟ್ರೇ. ವಿಮೆಯವರಿಂದಲೂ. ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೀನಿ.

ಅಘನಾಶಿನಿ

ದಾರ ಬಿಡಲಿಲ್ಲವಲ್ಲ, ಒಳ್ಳೆಯದಾಯಿತು. ಆ ಟಣ್ ಶಬ್ದ ಮರೆಯಬೇಡಿ.

ಫೇಡಾಪ್ರಿಯ

ಹೇಯಾನ್ ಮಾರು ನೋಡ್ತೀರಲ್ಲ, ಒಂದು ಕೆಲಸ ಮಾಡ್ರಿ. ಅದು 1930ರ ಹಡಗು, ಮೊದಲು ಸಿಯಾಟಲ್‌ಗೆ ಮಂದಿ ಒಯ್ಯತಿತ್ತು. ಯುದ್ಧದಾಗ ಸಬ್‌ಮರೀನ್‌ಗಳಿಗೆ ತಾಯಿಹಡಗಾತು, ಅದಕ್ಕ ಒಳಗ ಪೆರಿಸ್ಕೋಪು, ಟಾರ್ಪಿಡೊ ಬಿದ್ದಾವ. ಈಗ ಎಡಮಗ್ಗಲಿಗೆ ಮಲಗೇದ. ಮೈಮ್ಯಾಲೆ ಅದರ ಹೆಸರು ಇಂಗ್ಲೀಷಿನಾಗೂ ಜಪಾನಿ ಅಕ್ಷರದಾಗೂ ಇನ್ನೂ ಕಾಣತದಂತ. ಅದರ ಜೋಡಿ ಹಡಗು ಹಿಕಾವಾ ಮಾರು ಮಾತ್ರ ಯುದ್ಧದಾಗ ಉಳಕೊಂಡು ಯೋಕೊಹಾಮಾದಾಗ ಮ್ಯೂಸಿಯಂ ಆಗಿ ನಿಂತದ, ಮಂದಿ ಟಿಕೀಟ್ ತಗೊಂಡು ಹತ್ತಿ ನೋಡ್ತಾರ. ಅಕ್ಕ ದಂಡ್ಯಾಗ, ತಂಗಿ ತಳದಾಗ. ಅಕ್ಷರ ಈಗ ಎಷ್ಟು ಓದಾಕ ಬರ್ತಾವ ಅಂತ ನನಗೊಂದು ಸುದ್ದಿ ಬರೀರಿ. ನಾ ಅಲ್ಲಿಗೆ ಬರೋ ಜಲ್ಮ ಇದಲ್ಲ.

ಮತ್ತ ಬೋಟಿನ ಹುಡುಗರಿಗೆ ಅಂತ ಒಂದು ಕಿಲೊ ಫೇಡಾ ಕಳಸ್ತೀನಿ, ವಿಳಾಸ ಕೊಡ್ರಿ.

ಸಿಲಿಕಾನ್ ಸಿದ್ದ

ಹಾಲಿನ ಪದಾರ್ಥ ಸಾರ್! ಗುವಾಮ್ ಕಸ್ಟಮ್ಸ್ ಫಾರಂನಲ್ಲಿ ತಿಂಡಿ ಇದೆ ಅಂತ ಬರೆಯಲೇಬೇಕು, ಬರೆದರೆ ಅಲ್ಲೇ ತೆಗೆದುಕೊಂಡರೂ ತೆಗೆದುಕೊಂಡರೇ.

ಫೇಡಾಪ್ರಿಯ

ಹಂಗಾದ್ರ ಬೆಂಗಳೂರಾಗ ಏರ್‌ಪೋರ್ಟಿಗೆ ಹೋಗೂಮುಂದ ನೀವ ಮೂರು ಮಂದಿ ತಿಂದುಬಿಡ್ರಿ.

ಕೆರೆಕಪ್ಪೆ

ಭಾವ ಸ್ಯಾನ್ ಹೋಸೆಯಿಂದ ನೇರ ಬರ್ತಾನೆ, ಎರಡೇ ಜನ ಇಲ್ಲಿಂದ. ಅವನ ಪಾಲೂ ನಾವೇ ನೋಡ್ಕೋತೀವಿ. ವಿಳಾಸ ಖಾಸಗಿ ಮೆಸೇಜಲ್ಲಿ ಹಾಕಿದೀನಿ. ಅಕ್ಷರದ ಫೋಟೊ ಗ್ಯಾರಂಟಿ.

ಬೊಂಡಾಸ್

ಯೋಕ್ ಅಡಾಪ್ಟರ್?

ಕೆರೆಕಪ್ಪೆ

ಅಯ್ಯೋ.